ಒಡಪಿಲ್ಲದ ಹೆಸರು

ಧಾರವಾಡದಿಂದ ಬಂದ ಅನಂತರಾಯರಿಗೆ ಗಜೇಂದ್ರಗಡದ ಬಿಸಿಲು ತಾಳಲಾಗಲಿಲ್ಲ. ನಮ್ಮ ಕಲ್ಲಿನ ಖಣಿಯ ಹೆಂಗಸರ ಬಾಯಂತೂ ಮೊದಲೇ ತಾಳಲಾಗಲಿಲ್ಲ. ಐವತ್ತೇಳನೇ ಇಸವಿ. ಖಣಿಗಳಿಗೆ ಹೊಸ ಕಾಯ್ದೆ ಬಂದಿದೆ, ಜೀವ ಉಳಿಸಿಕೊಳ್ಳುವುದು ಹೇಗೆಂದು ಕೂಲಿಗಳಿಗೂ ಅವರ ಮೇಲಿನ ಮುಕಾದಮನಿಗೂ ಕಲಿಸಬೇಕು ಎಂದು ಸರಕಾರ ಅವರನ್ನು ಕಳಿಸಿತ್ತು. ಇಷ್ಟು ದಿನ ನಾವು ಸರಕಾರವನ್ನು ಕೇಳದೆಯೇ ಬದುಕಿದ್ದೆವು, ಇರಲಿ.

ಮೊದಲು ಕಲಿಯಬೇಕಾದವನು ನನ್ನ ಗಂಡನೇ. ಬಂಡೆಗೆ ತೂತು ಹೊಡೆದು, ಮದ್ದು ತುಂಬಿ, ಬತ್ತಿ ಹಚ್ಚುವುದು ಆತನ ಕೆಲಸ. ಎಡಗೈಯಲ್ಲಿ ಮೂರೇ ಬೆರಳು. ಉಳಿದೆರಡು ಹಿಂದಿನ ವರ್ಷ, ಹಾರದ ಮದ್ದನ್ನು ಕೆದಕಲು ಹೋದಾಗ ಹೋದವು. ಅಂದಿನಿಂದ ಪ್ರತಿ ಸಪ್ಪಳವಾದ ಮೇಲೂ ನಾನು ಆತನ ಬೆರಳು ಎಣಿಸುತ್ತಿದ್ದೆ. ಆತ ಮಾತ್ರ, "ಇನ್ನೂ ಮೂರು ಅದಾವಲ್ಲ" ಎನ್ನುತ್ತಿದ್ದ.

ರಾಯರು ಹೇಳಿದ್ದಿಷ್ಟು. ಮದ್ದು ಹಾರದಿದ್ದರೆ ಅರ್ಧ ತಾಸು ಯಾರೂ ಬಂಡೆಯ ಹತ್ತಿರ ಸುಳಿಯಬಾರದು. ಸುಳಿದರೆ ಮುಕಾದಮ ಸೀಟಿ ಊದಬೇಕು, ನೋಡಿದವರು ಆ ಮನುಷ್ಯನ ಹೆಸರು ಹಿಡಿದು ಕೂಗಬೇಕು.

ಮುಕಾದಮ ಸುಭಾನಸಾಬ ತಲೆ ಕೆರೆದುಕೊಂಡ. "ಗಡಿಯಾರ ಯಾರ ಹತ್ರ ಐತ್ರಿ ಸಾಹೇಬ್ರ? ನಾವು ಒಂದು ಎಲಿ ಅಡಿಕಿ ಅಗದು ಉಗುಳೂತನಕ ಕಾಯ್ತೀವಿ."

"ಹಂಗಾದ್ರ ಮೂರು ಅಗೀರಿ, ಒಂದಾದ ಮ್ಯಾಲ ಒಂದು" ಎಂದ ರಾಯರು ನನ್ನತ್ತ ತಿರುಗಿದರು. "ಗಾಳೆವ್ವ, ನಿಮ್ಮ ಯಜಮಾನ್ರನ್ನ ಹೆಸರು ಹಿಡದು ಕೂಗ್ರಿ ನೋಡೋಣು."

ಹೆಂಗಸರೆಲ್ಲ ಬಾಯಿಗೆ ಸೆರಗು ಒತ್ತಿಕೊಂಡರು. ಕಲ್ಲು ಕುಟ್ಟಿ ಖಡಿ ಮಾಡುತ್ತಿದ್ದ ನನ್ನ ಅತ್ತೆ ಕರಿಯವ್ವ ಸುತ್ತಿಗೆ ಕೆಳಗಿಟ್ಟು ನನ್ನನ್ನೇ ನೋಡಿದಳು. ಗಂಡನ ಹೆಸರನ್ನು ಹೆಂಡತಿ ಹಿಡಿದರೆ ಆತನ ಆಯುಷ್ಯ ಕಡಿಮೆಯಾಗುತ್ತದಂತೆ. ಮದುವೆ, ತೊಟ್ಟಿಲು ಕಾರ್ಯಗಳಲ್ಲಿ ಗಂಟುಬಿದ್ದು ಕೇಳಿದರೆ ಪ್ರಾಸದ ಒಡಪು ಕಟ್ಟಿ, ಅದರೊಳಗೆ ಹೆಸರು ಬಚ್ಚಿಟ್ಟು ಹೇಳಬೇಕು. ರಾಯರು ಬಿಡಲಿಲ್ಲ. ಎದ್ದು ನಿಂತು ಸೆರಗು ಸರಿಮಾಡಿಕೊಂಡೆ.

"ಗುಡ್ಡದ ಮ್ಯಾಲ ಬಿಚ್ಚೀನಿ ಬುತ್ತಿಯ ಗಂಟು,
ಶಿವನಪ್ಪನ ಕೂಡ ನನಗ ಏಳು ಜಲ್ಮದ ನಂಟು."

ಎಲ್ಲರೂ ನಕ್ಕರು, ರಾಯರೊಬ್ಬರನ್ನು ಬಿಟ್ಟು. "ನೀವು ಗಂಟು ಬಿಚ್ಚೂದ್ರಾಗ ಮದ್ದು ಹಾರಿರತದ್ರಿ" ಎಂದರು. ಸುಭಾನಸಾಬನಿಗೆ ಒಂದು ಸೀಟಿ, ಒಂದು ಕಬ್ಬಿಣದ ಟೊಪ್ಪಿಗೆ ಕೊಟ್ಟು ಹೋದರು. ಟೊಪ್ಪಿಗೆಯಲ್ಲಿ ಮರುದಿನದಿಂದ ಸುಭಾನಸಾಬನ ಆಡು ನೀರು ಕುಡಿಯತೊಡಗಿತು. ಸೀಟಿ ಮಾತ್ರ ಅವನ ಕೊರಳಲ್ಲೇ ಇತ್ತು.

ಎಂಟು ದಿನ ಕಳೆದಿತ್ತು. ಅಂದು ಐದು ತೂತಿಗೆ ಬತ್ತಿ ಹಚ್ಚಿ, ದೊಡ್ಡ ಬಂಡೆಯ ಮರೆಗೆ ಬಂದು ಕೂತೆವು. ನಾಲ್ಕೇ ಸಪ್ಪಳ ಬಂದವು. ಸುಭಾನಸಾಬ ಸರಕಾರದ ಮಾತಿಗೆ ಮರ್ಯಾದೆ ಕೊಟ್ಟು ಎಲೆಯಡಿಕೆ ಬಾಯಿಗಿಟ್ಟ. ಅದು ಮುಗಿದು ಎರಡನೆಯದು ಗಲ್ಲ ತುಂಬಿದಾಗ ನನ್ನ ಗಂಡ ಎದ್ದೇಬಿಟ್ಟ.

"ಬತ್ತಿ ಹಸಿ ಇತ್ತು, ಆರೇತಿ. ಹೊತ್ತು ಮುಳುಗೂತನಕ ನಿನ್ನ ಬಾಯಿ ನೋಡ್ಕೋತ ಕುಂಡ್ರಲೇನು?"

ಗುಡ್ಡ ಏರತೊಡಗಿದ. ಸುಭಾನಸಾಬ ಗಡಬಡಿಸಿ ಸೀಟಿ ಬಾಯಿಗಿಟ್ಟು ಊದಿದ. ಸೀಟಿಯಿಂದ ಕೆಂಪು ರಸ ಬಂತು, ಸಪ್ಪಳ ಬರಲಿಲ್ಲ. ಗಂಡಸರು ಆತನ ಹೆಸರು ಹಿಡಿದು ಒದರಿದರು. ಅವರು ದಿನಾ ಒದರುವವರೇ. ಆತ ತಿರುಗದೆ ಕೈ ಬೀಸಿದ.

ನಾನು ಬಾಯಿ ತೆರೆದೆ. ಏನು ಬಂತು ಗೊತ್ತೇ? "ಗುಡ್ಡದ ಮ್ಯಾಲ ಬಿಚ್ಚೀನಿ..." ಎಂದು ಒಡಪೇ ಬಂತು, ನನ್ನ ನಾಲಿಗೆಗಿಷ್ಟು ಬೆಂಕಿ ಬೀಳಲಿ. ಅಷ್ಟರಲ್ಲಿ ಮೂರು ಬೆರಳಿನ ಆ ಕೈ ಹಾರದ ತೂತಿನತ್ತ ಚಾಚಿದ್ದು ಕಂಡಿತು. ಬುತ್ತಿಯೂ ಬೇಡ, ಗಂಟೂ ಬೇಡ.

"ಏ ಶಿವನಪ್ಪಾ, ನಿನ್ನ ಹೆಣಾ ಎತ್ತಲಿ, ಇಳೀ ಕೆಳಗ!"

ಆತ ಕಪಾಳಕ್ಕೆ ಏಟು ಬಿದ್ದವನ ಹಾಗೆ ನಿಂತು, ತಿರುಗಿದ. "ಯಾರ ಹೆಸರ ಹಿಡದೀ? ನಾಲಿಗಿ ಕಿತ್ತತೇನಿ" ಎನ್ನುತ್ತ, ಕೈ ಎತ್ತಿಕೊಂಡು ನನ್ನತ್ತ ದಡದಡ ಇಳಿದ. ಬಂಡೆಯ ಮರೆಗೆ ಬಂದು ನನ್ನ ಮುಂದೆ ನಿಂತದ್ದೇ ತಡ, ಐದನೆಯದು ಹಾರಿತು. ಆತ ನಿಂತಿದ್ದ ಜಾಗ ಚೂರುಚೂರಾಗಿ ನಮ್ಮ ಸುತ್ತ ಬಿತ್ತು.

ಎತ್ತಿದ ಕೈ ಹಾಗೇ ಮೇಲಿತ್ತು. ಬಹಳ ಹೊತ್ತಿನ ಮೇಲೆ ಅದನ್ನು ನನ್ನ ಹೆಗಲ ಮೇಲಿಟ್ಟ.

ಸಂಜೆ ಅತ್ತೆ ಒಲೆಯ ಮುಂದೆ ಶುರು ಮಾಡಿದಳು. "ಹೆಸರ ಹಿಡದ್ಲು, ಅದೂ ಬೈಗಳದ ಕೂಡ. ನನ್ನ ಮಗನ ಆಯುಷ್ಯ ತಿಂದ್ಲು."

"ನಿನ್ನ ಮಗ ರೊಟ್ಟಿ ತಿನ್ನಾಕತ್ತಾನ ನೋಡವ್ವ" ಎಂದ ಆತ. "ಆಯುಷ್ಯ ಇಲ್ಲದಾಂವ ತಿಂತಾನೇನು?"

ಅತ್ತೆ ಮುಖ ತಿರುವಿ ಹೊರಗೆ ಹೋದಳು. ಆತ ತಾಟಿನಿಂದ ಕಣ್ಣೆತ್ತದೆ, "ಇನ್ನೊಮ್ಮಿ ಅನ್ನು" ಎಂದ.

ನನಗೆ ನಾಚಿಕೆ ಬಂತು. "ಗುಡ್ಡದ ಮ್ಯಾಲ ಬಿಚ್ಚೀನಿ..." ಎಂದೆ.

"ಅದು ಬ್ಯಾಡ. ಬರೇ ಹೆಸರು."

ಅಂದೆ. ಈ ಸಲ ಬೈಗುಳ ಸೇರಿಸಲಿಲ್ಲ.