ಇಲ್ಲದ ಬೆನ್ನುನೋವು

ನಾಲ್ಕು ತಿಂಗಳು ಮನೆಯಲ್ಲಿದ್ದು ಕೆಲಸಕ್ಕೆ ಮರಳಿದ ಗಿರಗಿಟ್ಲೆಗೆ ಬೈಂಡಿಂಗ್ ಶೆಡ್ಡಿನಲ್ಲಿ ಒಂದು ಕುರ್ಚಿ ಕಾದಿತ್ತು. ಕೂರಲು ಒಂದು ದಿಂಬು, ಬೆನ್ನಿಗೆ ಇನ್ನೊಂದು, ಕಾಲಿಡಲು ಮರದ ಪೆಟ್ಟಿಗೆ. ಶೆಡ್ಡಿನ ಆರೇಳು ಜನ ಸುತ್ತ ನಿಂತು "ಮೆಲ್ಲಗೆ, ಮೆಲ್ಲಗೆ" ಎನ್ನುತ್ತಾ ಅವಳನ್ನು ಗಾಜಿನ ಸಾಮಾನು ಇಳಿಸುವಂತೆ ಇಳಿಸಿದರು. ಅವಳಿಗೆ ಬೆನ್ನುಮೂಳೆ ಸರಿದಿತ್ತು ಎಂದೇ ಎಲ್ಲರೂ ನಂಬಿದ್ದರು. ನಿಜ ಹೇಳಬೇಕೆಂದರೆ ಆ ಶೆಡ್ಡಿನಲ್ಲಿ ಅವಳದರಷ್ಟು ಗಟ್ಟಿಮುಟ್ಟಾದ ಬೆನ್ನು ಇನ್ನೊಂದಿರಲಿಲ್ಲ.

ಸುಳ್ಳು ಅತ್ತಿಗೆಯದು. ಮಲಗಿದ ಮೊದಲ ವಾರವೇ ಶೆಡ್ಡಿನ ಯಜಮಾನರು ಫೋನ್ ಮಾಡಿ ಯಾಕೆ ಬರುತ್ತಿಲ್ಲ ಎಂದು ಕೇಳಿದಾಗ, ಫೋನ್ ಎತ್ತಿಕೊಂಡವಳು ಮನೆಯಲ್ಲೇ ಇರುವ ಗಂಡನ ಈ ಅಕ್ಕ. ಒಂದೇ ಉಸಿರಿಗೆ ಎಷ್ಟನೇ ಮೂಳೆ, ಯಾವ ಕಡೆಗೆ ಎಷ್ಟು ಸರಿದಿದೆ, ಹಲಗೆಯ ಮೇಲೆ ಹೇಗೆ ಮಲಗಿಸಿದ್ದಾರೆ ಎಂಬುದನ್ನೆಲ್ಲ ಹೇಳಿ ಮುಗಿಸಿದ್ದಳು. ಸುಳ್ಳಿಗೆ ಕೈಕಾಲು ಮೂಡಿಸುವುದರಲ್ಲಿ ಅವಳನ್ನು ಮೀರಿಸುವವರಿಲ್ಲ. ಉದ್ದೇಶವೇನೋ ಕೆಟ್ಟದಾಗಿರಲಿಲ್ಲ. "ಮನಸ್ಸಿನ ಡಾಕ್ಟ್ರು ಅಂದ್ರೆ ಜನ ಇಲ್ಲದ್ದು ಸಲ್ಲದ್ದು ಆಡ್ಕೋತಾರೆ ಕಣೇ. ಬೆನ್ನು ಅಂದ್ರೆ ಯಾರೂ ಎರಡನೇ ಸಲ ಕೇಳಲ್ಲ," ಎಂದು ಆಮೇಲೆ ಸಮಜಾಯಿಷಿ ಕೊಟ್ಟಳು. ಮಾತು ಕಮ್ಮಿಯ ಗಂಡ ತಲೆಯಾಡಿಸಿದ. ಗಿರಗಿಟ್ಲೆಗೆ ಆಗ ಹೂಂ ಎನ್ನಲೂ ಊಹೂಂ ಎನ್ನಲೂ ತ್ರಾಣವಿರಲಿಲ್ಲ.

ಡಾಕ್ಟರು ಚೀಟಿಯಲ್ಲಿ ಖಿನ್ನತೆ ಎಂದು ಬರೆದಿದ್ದರು. ಅವಳ ಲೆಕ್ಕದಲ್ಲಿ ಅದು ಮುಖ್ಯವಾಗಿ ಬೆಳಗಿನ ಕಾಯಿಲೆ. ಎಚ್ಚರವಾಗುತ್ತಿತ್ತು, ಮಂಚದಿಂದ ಕಾಲು ನೆಲಕ್ಕೆ ಇಳಿಯುತ್ತಿರಲಿಲ್ಲ. ತಲೆ ಬಾಚಲು ಬಾಚಣಿಗೆ ಹಿಡಿದರೆ ಅರ್ಧ ಗಂಟೆ ಹಿಡಿದೇ ಕೂತಿರುತ್ತಿದ್ದಳು. ಊಟಕ್ಕೆ ರುಚಿಯಿಲ್ಲ, ಬೈದರೆ ಬೇಜಾರಿಲ್ಲ, ಅಳು ಕೂಡ ಇಲ್ಲ. ಮಾತ್ರೆ ಶುರುವಾದ ಮೂರನೇ ತಿಂಗಳಿಗೆ ಅರ್ಧಕ್ಕರ್ಧ ವಾಸಿಯಾಯಿತು. ಬೆಳಗ್ಗೆ ಗಂಡ ಎರಡು ಕೈ ಹಿಡಿದು ಎಬ್ಬಿಸಿ ಕೂರಿಸಿದರೆ, ಮಿಕ್ಕಿದ್ದನ್ನು ಹೇಗೋ ತಾನೇ ಮಾಡಿಕೊಳ್ಳುವ ಮಟ್ಟಿಗೆ ಬಂದಳು.

"ಕೆಲಸಕ್ಕೆ ಹೋಗಿ. ಆದ್ರೆ ಒಂದೇ ಕಡೆ ಕೂತು ಯೋಚ್ನೆ ಮಾಡೋ ಕೆಲಸ ಬೇಡ. ಕೈಕಾಲು ಆಡ್ತಿರ್ಲಿ," ಎಂದಿದ್ದರು ಡಾಕ್ಟರು.

"ನನ್ನ ಕೆಲಸಾನೇ ಸುತ್ತೋದು ಡಾಕ್ಟ್ರೇ," ಎಂದಿದ್ದಳು ಅವಳು.

ಅದು ನಿಜ. ಹಾಗೆ ಸುತ್ತಿ ಸುತ್ತಿಯೇ ಅವಳಿಗೆ ಗಿರಗಿಟ್ಲೆ ಎಂಬ ಹೆಸರು ಬಿದ್ದದ್ದು. ಅಚ್ಚಾದ ದೊಡ್ಡ ಹಾಳೆಗಳನ್ನು ಮಡಿಸಿದರೆ ಹದಿನಾರು ಪುಟದ ಕಟ್ಟುಗಳಾಗುತ್ತವೆ. ಶೆಡ್ಡಿನವರು ಅದನ್ನು ಫಾರಂ ಎನ್ನುತ್ತಾರೆ. ಉದ್ದನೆಯ ಮೇಜಿನ ಸುತ್ತ ಒಂದನೇ ಫಾರಮ್ಮಿನ ರಾಶಿ, ಎರಡನೆಯದರ ರಾಶಿ, ಹೀಗೆ ಹನ್ನೆರಡು ರಾಶಿ. ಒಂದೊಂದರಿಂದ ಒಂದೊಂದು ಎತ್ತಿಕೊಳ್ಳುತ್ತಾ ಒಂದು ಸುತ್ತು ಬಂದರೆ ಕೈಯಲ್ಲಿ ಒಂದು ಪುಸ್ತಕ. ಹೊಲಿಗೆ, ಅಂಟು, ಕತ್ತರಿ ಎಲ್ಲ ಆಮೇಲೆ. ಹದಿನೇಳು ವರ್ಷದಿಂದ ಅವಳು ದಿನಕ್ಕೆ ನಾನೂರು ಸುತ್ತು ಸುತ್ತುತ್ತಿದ್ದಳು. ಸುತ್ತುವಾಗ ತಲೆಯಲ್ಲಿ ಬೇರೇನೂ ಇರುತ್ತಿರಲಿಲ್ಲ, ಕಾಲು ತನ್ನ ಪಾಡಿಗೆ ಹೋಗುತ್ತಿತ್ತು, ಕೈ ತನ್ನ ಪಾಡಿಗೆ ಎತ್ತುತ್ತಿತ್ತು. ಮಲಗಿದ್ದ ನಾಲ್ಕು ತಿಂಗಳಲ್ಲಿ ಅವಳು ಬೇಕು ಎಂದುಕೊಂಡದ್ದು ಆ ಸುತ್ತೊಂದನ್ನೇ.

ಈಗ ನೋಡಿದರೆ ಕುರ್ಚಿ.

ನಾಲ್ಕು ತಿಂಗಳು ಸುತ್ತಿದ್ದ ಬದಲಿ ಹುಡುಗಿ ಬಿಟ್ಟುಹೋಗಿದ್ದಳು. ಈಗ ಗಿರಗಿಟ್ಲೆಯ ಬದಲಿಗೆ ಮೇಜು ಸುತ್ತಲು ನಿಂತವಳು ಹೊಲಿಗೆ ಅಕ್ಕ. ಐವತ್ತೆಂಟು ದಾಟಿದ ಹೆಂಗಸು. ಎರಡೂ ಮಂಡಿ ನೋವು, ಬಾಯಿ ಮಾತ್ರ ಎಲ್ಲರಿಗಿಂತ ಚುರುಕು. ಇಷ್ಟು ವರ್ಷ ಕೂತು ಫಾರಂ ಹೊಲಿದವಳು, ಬೆಳಗ್ಗೆ ಸುತ್ತಿ ಮಧ್ಯಾಹ್ನ ಹೊಲಿಯತೊಡಗಿದಳು. "ನೀನು ಸುಮ್ನೆ ಕೂತ್ಕೋ ತಾಯಿ. ಬೆನ್ನು ಹೋದ್ರೆ ಬದುಕೇ ಹೋಯ್ತು. ಮಂಡಿ ಎರಡಿದೆ, ಬೆನ್ನು ಒಂದೇ," ಎಂದು ಅವಳೇ ದಿಂಬು ಸರಿಮಾಡಿದಳು. ಗಿರಗಿಟ್ಲೆ ನಿಜ ಹೇಳಿಬಿಡಬೇಕೆಂದುಕೊಂಡಳು, ಆಗಲಿಲ್ಲ.

ಯಾಕೆಂದರೆ ಅಂಟಿನವನ ಕಥೆ ಅವಳಿಗೆ ಗೊತ್ತಿತ್ತು. ಕೆಲವು ವರ್ಷದ ಹಿಂದೆ ಅಂಟು ಹಚ್ಚುವವನೊಬ್ಬ ಮನಸ್ಸಿನ ಡಾಕ್ಟರ ಬಳಿ ಹೋಗುತ್ತಾನೆಂದು ಗೊತ್ತಾದ ದಿನವೇ ಯಜಮಾನರು ಅವನನ್ನು ಮಧ್ಯಾಹ್ನದೊಳಗೆ ಮನೆಗೆ ಕಳಿಸಿದ್ದರು. ಬೈದಿರಲಿಲ್ಲ. "ಇದು ಬ್ಲೇಡು ಓಡೋ ಜಾಗ," ಎಂದಷ್ಟೇ ಹೇಳಿದ್ದರು. ಅವನು ತಿರುಗಿ ಬರಲಿಲ್ಲ. ಈ ಕೆಲಸವೂ ಹೋದರೆ ಮತ್ತೆ ಮಂಚ, ಮತ್ತೆ ಗೋಡೆ.

ಕುರ್ಚಿಯ ಕೆಲಸ ಸುಲಭದ್ದು. ಪ್ರತಿ ಫಾರಮ್ಮಿನ ಮಡಿಕೆಯ ಮೇಲೆ ಒಂದು ಪುಟ್ಟ ಕಪ್ಪು ಗುರುತು ಇರುತ್ತದೆ. ಒಂದನೆಯದಕ್ಕಿಂತ ಎರಡನೆಯದು ತುಸು ಕೆಳಗೆ, ಮೂರನೆಯದು ಇನ್ನೂ ಕೆಳಗೆ. ಸರಿಯಾಗಿ ಜೋಡಿಸಿದರೆ ಪುಸ್ತಕದ ಬೆನ್ನಲ್ಲಿ ಮೆಟ್ಟಿಲು ಕಾಣುತ್ತದೆ. ಮೆಟ್ಟಿಲು ಮುರಿದಿದ್ದರೆ ಫಾರಂ ತಪ್ಪಿದೆ ಎಂದರ್ಥ. ಜೊತೆಗೆ ಇಪ್ಪತ್ತು ಪುಸ್ತಕಕ್ಕೊಂದನ್ನು ತೆರೆದು ಒಳಗೆ ಕಣ್ಣಾಡಿಸಬೇಕು, ಅದು ಶೆಡ್ಡಿನ ವಾಡಿಕೆ. ಗಿರಗಿಟ್ಲೆ ಕೂತು ಮೆಟ್ಟಿಲು ನೋಡಿದಳು. ಕೂತ ಗಳಿಗೆಯಿಂದ ತಲೆಯೊಳಗೆ ಹಳೆಯ ಮಾತು ಶುರು: ನೀನು ದಂಡ, ನಿನ್ನಿಂದ ಯಾರಿಗೇನು ಉಪಯೋಗ, ಅಲ್ಲಿ ನೋಡು ಆ ಮುದುಕಿ ನಿನಗಾಗಿ ಕುಂಟುತ್ತಿದ್ದಾಳೆ. ಕೊನೆಯದು ಸುಳ್ಳೂ ಆಗಿರಲಿಲ್ಲ. ಎರಡನೇ ವಾರಕ್ಕೆ ಅಕ್ಕನ ಮಂಡಿ ಊದಿಕೊಂಡು, ಮೇಜಿನ ಮೂಲೆಗಳಲ್ಲಿ ಅವಳು ಕೈಯೂರಿ ನಿಲ್ಲತೊಡಗಿದ್ದಳು.

ಮೂರನೇ ವಾರ ಆಗಬಾರದ್ದು ಆಯಿತು.

ಆ ವಾರ ಶೆಡ್ಡಿನಲ್ಲಿ ಎರಡು ಪುಸ್ತಕಗಳಿದ್ದವು. ಒಂದು ಮಕ್ಕಳ ಲೆಕ್ಕದ ಪುಸ್ತಕ, ಇನ್ನೊಂದು ಕೋಳಿ ಸಾಕುವವರಿಗೆ ಕೈಪಿಡಿ. ಎರಡಕ್ಕೂ ಹನ್ನೆರಡು ಫಾರಂ, ಅಳತೆ ಒಂದೇ, ಗುರುತಿನ ಜಾಗವೂ ಒಂದೇ. ಐದನೇ ರಾಶಿ ಖಾಲಿಯಾದಾಗ ಅಕ್ಕ ಹೊಸ ಕಟ್ಟು ತರಬೇಕಿತ್ತು. ಲೆಕ್ಕದ್ದು ದೂರದ ಕಪಾಟಿನಲ್ಲಿತ್ತು, ಕೋಳಿಯದು ಹತ್ತಿರದ್ದರಲ್ಲಿ. ನೋವಿನಲ್ಲಿ ಅಕ್ಕ ಗಮನಿಸದೆ ಹತ್ತಿರದ್ದಕ್ಕೆ ಕೈ ಹಾಕಿ ಅಲ್ಲಿನ ಐದನೇ ಫಾರಂ ಎಳೆದಳು. ಮುನ್ನೂರು ಪುಸ್ತಕ ಹಾಗೆಯೇ ಹೋಯಿತು. ಬೆನ್ನಲ್ಲಿ ಮೆಟ್ಟಿಲು ನೆಟ್ಟಗಿತ್ತು. ತಲೆಯೊಳಗಿನ ಮಾತು ಕೇಳುತ್ತಾ ಕೂತಿದ್ದ ಗಿರಗಿಟ್ಲೆ ಒಂದನ್ನೂ ತೆರೆಯಲಿಲ್ಲ.

ಕತ್ತರಿಸುವ ಯಂತ್ರದ ಬ್ಲೇಡು ಮಾಮ ಅಂಚು ಕತ್ತರಿಸಿ, ಸುಮ್ಮನೆ ಹಾಳೆ ತಿರುವಿದವನು ಜೋರಾಗಿ ನಕ್ಕುಬಿಟ್ಟ. "ನೋಡ್ರಪ್ಪಾ, ಭಾಗಾಕಾರ ಆದ್ಮೇಲೆ ಮರಿಗಳಿಗೆ ಯಾವಾಗ ನೀರು ಕುಡಿಸ್ಬೇಕು ಅಂತ ಹೇಳ್ಕೊಡ್ತಾರಂತೆ!" ಎಲ್ಲರೂ ನಕ್ಕರು, ಯಜಮಾನರು ಬಾಗಿಲಲ್ಲಿ ನಿಂತಿದ್ದಾರೆಂದು ಗೊತ್ತಾಗುವವರೆಗೆ.

ಯಜಮಾನರು ಕೂಗಾಡುವವರಲ್ಲ, ಅದೇ ಕಷ್ಟ. ನಾಲ್ಕು ಪುಸ್ತಕ ತೆರೆದು ನೋಡಿದರು, ಕನ್ನಡಕ ತೆಗೆದರು. "ಅಕ್ಕ, ನಾಡಿದ್ದು ಸ್ಕೂಲಿಗೆ ಹೋಗ್ಬೇಕಿದ್ದ ಮಾಲು ಇದು. ಮಂಡಿ ನೋವಲ್ಲಿ ನಿಮ್ಮ ಕೈಲಾಗ್ತಿಲ್ಲ ಅಂತ ಕಾಣುತ್ತೆ. ನಾಳೆಯಿಂದ ಮನೇಲಿರಿ."

ಅಕ್ಕ ಸೆರಗಿನಲ್ಲಿ ಕೈ ಒರೆಸಿಕೊಂಡಳು, ಕೈಯಲ್ಲಿ ಒರೆಸುವಂಥದ್ದು ಏನೂ ಇರಲಿಲ್ಲ. ಅದನ್ನು ನೋಡಿ ಗಿರಗಿಟ್ಲೆಗೆ ಕೂತಿರಲಾಗಲಿಲ್ಲ.

"ತಪ್ಪು ಅಕ್ಕಂದಲ್ಲ," ಎಂದಳು. ದನಿ ಸಣ್ಣಗೆ ಬಂತು. "ತೆರೆದು ನೋಡೋ ಕೆಲಸ ನಂದು. ನಾನು ನೋಡ್ಲಿಲ್ಲ. ಮತ್ತೆ... ಅಕ್ಕ ಸುತ್ತಬೇಕಾಗೇ ಇರ್ಲಿಲ್ಲ. ನನ್ನ ಬೆನ್ನಿಗೆ ಏನೂ ಆಗಿಲ್ಲ."

"ಏನೂ ಆಗಿಲ್ಲ ಅಂದ್ರೆ?"

"ಮನಸ್ಸಿನ ಕಾಯಿಲೆ. ಮನಸ್ಸಿನ ಡಾಕ್ಟ್ರ ಹತ್ರ ಹೋಗ್ತಿದೀನಿ. ಮಾತ್ರೆ ತಗೋತಿದೀನಿ. ಹೇಳಿದ್ರೆ ಕೆಲಸ ಹೋಗುತ್ತೆ ಅಂತ ಮುಚ್ಚಿಟ್ಟೆ."

ಬ್ಲೇಡು ಮಾಮ ಒಂದು ಹೆಜ್ಜೆ ಪಕ್ಕಕ್ಕೆ ಸರಿದು ಅವಳಿಗೂ ಯಂತ್ರಕ್ಕೂ ನಡುವೆ ನಿಂತ. ಒಳ್ಳೆಯ ಮನುಷ್ಯ, ಗೊತ್ತಿದ್ದು ಮಾಡಿದ್ದಲ್ಲ. ಅವಳಿಗೆ ಮಾತ್ರ ಅದು ಚುರುಕ್ಕೆಂದಿತು.

ಮೊದಲು ಬಾಯಿಬಿಟ್ಟವಳು ಹೊಲಿಗೆ ಅಕ್ಕ. "ಅಂದ್ರೆ ಮೂರು ವಾರ ನಾನು ಮಂಡಿ ಸವೆಸಿದ್ದು ಇಲ್ಲದ ಬೆನ್ನುನೋವಿಗಾ? ಲೇ, ತಲೆ ಕೆಟ್ಟಿತ್ತೋ ಬೆನ್ನು ಕೆಟ್ಟಿತ್ತೋ ನಂಗೇನು, ನನ್ನ ಮಂಡಿ ಮಂಡಿ ಅಲ್ವಾ? ನಾಲ್ಕು ತಿಂಗಳು ಮನೇಲಿ ಹಾಯಾಗಿ ಮಲಗಿ ಬಂದು..."

"ಹಾಯಾಗಿ?" ಎಂದಳು ಗಿರಗಿಟ್ಲೆ. ಕಿವಿ ಬಿಸಿಯಾಯಿತು. ಅದೇನೆಂದು ಗುರುತಿಸಲು ಅವಳಿಗೆ ಒಂದು ಗಳಿಗೆ ಬೇಕಾಯಿತು: ಸಿಟ್ಟು. ತಿಂಗಳುಗಟ್ಟಲೆ ಕಾಣೆಯಾಗಿದ್ದ ಸಿಟ್ಟು. "ಹಾಯಾಗಿ ಅಂತೆ! ಎದ್ದು ನೀರು ಕುಡಿಯೋಕೆ ಆಗ್ತಿರ್ಲಿಲ್ಲ ನಂಗೆ! ಬಾಯಾರಿ ಬಿದ್ದಿರ್ತಿದ್ದೆ, ತಂಬಿಗೆ ಪಕ್ಕದಲ್ಲೇ ಇತ್ತು, ಕೈ ಚಾಚೋಕೆ ಆಗ್ತಿರ್ಲಿಲ್ಲ. ಮಂಡಿ ನೋವಾದ್ರೆ ಅಯ್ಯೋ ಅಂತೀಯ. ನಂಗೆ ಅಯ್ಯೋ ಅನ್ನೋಕೂ ಬರ್ತಿರ್ಲಿಲ್ಲ!"

ಇಷ್ಟು ಜೋರಾಗಿ ಅವಳು ಆ ಶೆಡ್ಡಿನಲ್ಲಿ ಯಾವತ್ತೂ ಮಾತಾಡಿರಲಿಲ್ಲ.

ಯಜಮಾನರು ಕನ್ನಡಕ ಹಾಕಿಕೊಂಡು ಅವಳನ್ನೇ ನೋಡಿದರು. "ಒಂದು ಕೇಳ್ತೀನಿ, ಮುಚ್ಚುಮರೆ ಬೇಡ. ಸಾಯ್ಬೇಕು ಅನ್ಸಿತ್ತಾ?"

"ಅನ್ಸಿತ್ತು. ಮೊದಲನೇ ತಿಂಗಳು. ಡಾಕ್ಟ್ರಿಗೆ ಹೇಳಿದೀನಿ. ಈಗ ಅನ್ಸಲ್ಲ."

ಮನೆಯಲ್ಲಿ ಯಾರೂ ಇದನ್ನು ಬಾಯಿಬಿಟ್ಟು ಕೇಳಿರಲಿಲ್ಲ, ಕಣ್ಣಲ್ಲೇ ಕೇಳಿ ಕಣ್ಣಲ್ಲೇ ಹೆದರುತ್ತಿದ್ದರು. ಕೇಳಿದವರು ಯಜಮಾನರೆಂದೋ, ಉತ್ತರ ಇಷ್ಟು ಚಿಕ್ಕದೆಂದೋ, ಅವಳಿಗೆ ಮೈ ಹಗುರಾಯಿತು.

ಯಜಮಾನರು ಪುಸ್ತಕದ ರಾಶಿ ನೋಡಿದರು. ಅವರೇನು ದೇವರಲ್ಲ, ಮುನ್ನೂರು ಪುಸ್ತಕ ಬಿಚ್ಚಿ ಮತ್ತೆ ಜೋಡಿಸಬೇಕಿತ್ತು, ಸುತ್ತಲು ಬೇರೆ ಜನರಿರಲಿಲ್ಲ. "ಅಕ್ಕ, ನೀವು ಕುರ್ಚಿಗೆ ಹೋಗಿ. ನೀನು ಸುತ್ತು. ಬ್ಲೇಡಿನ ಹತ್ರ ಮಾತ್ರ ಸುಳೀಬೇಡ. ನಾಳೆ ಎಂಟಕ್ಕೆ ಬಂದಿರ್ಬೇಕು. ಬಂದ್ರೆ ಇರ್ತೀಯ. ಬರದೇ ಹೋದ್ರೆ, ಇನ್ನು ಬರೋದು ಬೇಡ." ಬ್ಲೇಡಿನ ಮಾತು ಅವಳಿಗೆ ನೋವಾಯಿತು. ಆದರೂ ಹೂಂ ಎಂದಳು.

ಮಧ್ಯಾಹ್ನವಿಡೀ ಅವಳು ಸುತ್ತಿದಳು. ನಲವತ್ತು ಸುತ್ತಿಗೇ ಏದುಸಿರು ಬಂತು. ತಲೆಯೊಳಗಿನ ಮಾತು ನಿಂತುಹೋಯಿತು ಎಂದರೆ ಸುಳ್ಳಾಗುತ್ತದೆ, ಕಾಲಿನ ಸದ್ದಿಗೆ ಸ್ವಲ್ಪ ತಗ್ಗಿತು. ಎರಡು ದಿಂಬಿನ ಮೇಲೆ ಕೂತ ಅಕ್ಕ ಇಪ್ಪತ್ತಕ್ಕೊಂದನ್ನಲ್ಲ, ಒಂದೊಂದನ್ನೂ ತೆರೆದು ನೋಡಿದಳು. ಎರಡರಲ್ಲಿ ತಪ್ಪು ಸಿಕ್ಕಿತು. ಎತ್ತಿ ಮೇಜಿನ ಮೇಲೆ ಎಸೆದಳು. ಸಂಜೆ ಹೊರಡುವಾಗ, ಚಪ್ಪಲಿ ಹಾಕಿಕೊಳ್ಳುತ್ತಾ, ಮುಖ ತಿರುಗಿಸಿಕೊಂಡೇ ಕೇಳಿದಳು: "ನಿಮ್ಮನೆ ಯಾವ ಬೀದಿ?" ಗಿರಗಿಟ್ಲೆ ಹೇಳಿದಳು. ಅಕ್ಕ ಕುಂಟುತ್ತಾ ಹೋದಳು.

ಹಗುರಾದ ಮೈ ಬೆಳಗಿನವರೆಗೆ ಉಳಿಯಲಿಲ್ಲ. ಎಚ್ಚರವಾದಾಗ ಮೈಮೇಲೆ ಅದೇ ಭಾರ. ಗಂಡ ಎಬ್ಬಿಸಿ ಕೂರಿಸಿ ಕೆಲಸಕ್ಕೆ ಹೋದ. ಅವನ ಹೆಜ್ಜೆ ಮೆಟ್ಟಿಲಲ್ಲಿ ಕರಗುತ್ತಿದ್ದಂತೆ ಅವಳು ಮತ್ತೆ ಒರಗಿಕೊಂಡಳು. ಏಳೂಕಾಲು. ಏಳಬೇಕು ಎಂದು ಗೊತ್ತಿತ್ತು. ಏಳದಿದ್ದರೆ ಏನಾಗುತ್ತದೆಂದೂ ಗೊತ್ತಿತ್ತು. ಗೊತ್ತಿದ್ದ ಮಾತ್ರಕ್ಕೆ ಕಾಲು ಇಳಿಯುವುದಾಗಿದ್ದರೆ ಅದು ಕಾಯಿಲೆಯೇ ಆಗುತ್ತಿರಲಿಲ್ಲ. ಏಳೂವರೆ ಹೊತ್ತಿಗೆ ಅವಳು ಕೆಲಸ ಹೋಯಿತೆಂದೇ ತೀರ್ಮಾನಿಸಿ ಗೋಡೆಗೆ ತಿರುಗಿದಳು.

"ಏ ಗಿರಗಿಟ್ಲೇ!"

ಬೀದಿಯಿಂದ ಬಂದ ಕೂಗು. ಮೂರನೇ ಮಹಡಿಯ ಗಾಜು ಅದುರುವಂಥದ್ದು.

"ಏ ಗಿರಗಿಟ್ಲೇ! ಇಳೀತೀಯೋ ಇಲ್ವೋ? ನಂಗೆ ಮೆಟ್ಲು ಹತ್ತೋಕಾಗಲ್ಲ, ಇಲ್ಲಿಂದಲೇ ಕೂಗ್ತೀನಿ, ಆಮೇಲೆ ಮರ್ಯಾದೆ ಹೋಯ್ತು ಅನ್ಬೇಡ!"

ಎದುರು ಮನೆಯ ಕಿಟಕಿ ತೆರೆಯಿತು, ಪಕ್ಕದ್ದೂ ತೆರೆಯಿತು. ಅತ್ತಿಗೆ ಓಡಿಬಂದಳು, ಮುಖ ಕೆಂಪಗೆ. "ಅಯ್ಯೋ, ಯಾರೇ ಇವಳು? ಇಡೀ ಬೀದಿ ನೋಡ್ತಿದೆ!" ಎಂದವಳೇ ಕಿಟಕಿಗೆ ಹೋಗಿ ಬಗ್ಗಿದಳು. "ಅವಳಿಗೆ ಬೆನ್ನು ಹಿಡ್ಕೊಂಡಿದೆಯಮ್ಮಾ, ಇವತ್ತು ಬರಲ್ಲ!"

"ಇನ್ನೊಂದ್ಸಲ ಬೆನ್ನು ಅಂದ್ರೆ ನೋಡು!" ಎಂದಳು ಅಕ್ಕ ಕೆಳಗಿನಿಂದ. "ನಂಗೆಲ್ಲಾ ಗೊತ್ತು. ಕಾಯಿಲೆ ಇದ್ರೆ ಇರ್ಲಿ, ಅದನ್ನೂ ಕರ್ಕೊಂಡು ಬಾ ಅನ್ನು!"

ಗಿರಗಿಟ್ಲೆ ಗೋಡೆಯ ಕಡೆಗೇ ಮಲಗಿ ಕೇಳಿದಳು. ಅವಳಿಗೆ ನಾಚಿಕೆಯಾಯಿತು, ಅಳು ಬಂತು, ಅಳುವಿನ ನಡುವೆ ನಗುವೂ ಬಂತು. ಆ ಮುದುಕಿ ಊದಿದ ಮಂಡಿಯಲ್ಲಿ ಇಷ್ಟು ದೂರ ನಡೆದಿದ್ದಳು. ಒಂದು ಕಾಲು ಇಳಿಯಿತು. ನೆಲ ತಣ್ಣಗಿತ್ತು. ಇನ್ನೊಂದು ಕಾಲನ್ನು ಅವಳು ಕೈಯಿಂದಲೇ ಎತ್ತಿ ಇಳಿಸಿದಳು. ಕಿಟಕಿಯ ಬಳಿ ಅತ್ತಿಗೆಯನ್ನು ಪಕ್ಕಕ್ಕೆ ಸರಿಸಿ, ಬಾಚದ ತಲೆಯನ್ನು ಇಡೀ ಬೀದಿಗೆ ಕಾಣುವಂತೆ ಹೊರಚಾಚಿ ಕೂಗಿದಳು:

"ಇರು, ಮುಖ ತೊಳ್ಕೊಂಡು ಬರ್ತೀನಿ!"

"ಮುಖ ಅಲ್ಲೇ ತೊಳ್ಕೊಳ್ಳೋವಂತೆ, ಶೆಡ್ಡಲ್ಲಿ ನಲ್ಲಿ ಇದೆ," ಎಂದಳು ಅಕ್ಕ. "ಎಂಟಾಗ್ತಿದೆ. ನಾನು ನಿಧಾನಕ್ಕೆ ನಡೆಯೋಳು."

ಗಿರಗಿಟ್ಲೆ ಮುಖ ತೊಳೆಯದೆಯೇ ಇಳಿದಳು.