ಎರಡನೆಯ ಟಿಕೆಟ್ಟು

"ಬೇಗ ಆಗ್ಲಿ ಅಮ್ಮಾ, ಗಾಡಿ ಬಂದು ನಿಂತಿದೆ," ಎಂದಳು ಮಗಳು ಬಾಗಿಲಿನಿಂದಲೇ.

ಟೈಲರಮ್ಮ ಇನ್ನೂ ಸೂಜಿಗೆ ದಾರ ಪೋಣಿಸುತ್ತಿದ್ದಳು. ನಲವತ್ತು ವರ್ಷ ಬೀದಿಗೆಲ್ಲ ಹೊಲಿದುಕೊಟ್ಟ ಕೈ. ಇವತ್ತು ಸೂಜಿಯ ಕಣ್ಣೇ ಕಾಣುತ್ತಿರಲಿಲ್ಲ. ಗಂಡನಿಗೆ ತೊಡಿಸಿ ಕಳಿಸಿಕೊಡಬೇಕಾದ ಕಂದು ಕೋಟಿಗೆ ಮೂರನೆಯ ಗುಂಡಿ ಇರಲಿಲ್ಲ. ಅದು ಬಿದ್ದು ಆರು ತಿಂಗಳಾಗಿತ್ತು. ಹಾಕಿಕೊಡು ಎಂದು ಅವನು ಎರಡು ಸಲ ಕೇಳಿದ್ದ, ಮೂರನೆಯ ಸಲ ಕೇಳದೆ ಸುಮ್ಮನಾಗಿದ್ದ. ಭಾನುವಾರ ಬೆಳಿಗ್ಗೆ ತನ್ನ ವಾಚ್ ರಿಪೇರಿ ಅಂಗಡಿಯ ಕುರ್ಚಿಯಲ್ಲಿ ಕೂತವನು ಮತ್ತೆ ಏಳಲಿಲ್ಲ. ಕೈಯಲ್ಲಿ ಯಾರದೋ ವಾಚು ಇತ್ತಂತೆ. ರಿಪೇರಿ ಮುಗಿದಿತ್ತು, ಚೆನ್ನಾಗಿ ನಡೆಯುತ್ತಿತ್ತಂತೆ.

ಗುಂಡಿ ಹಾಕಿ, ದಾರ ಕಚ್ಚಿ ತುಂಡರಿಸಿ, ಹೊಲಿಗೆಯವರ ಅಭ್ಯಾಸದಂತೆ ಜೇಬು ತಡವಿದಳು. ಎರಡು ಟಿಕೆಟ್ಟು ಸಿಕ್ಕವು. ಎರಡೂ ಮ್ಯೂಸಿಯಮ್ಮಿನವು, ಎರಡರ ಮೇಲೂ ಕಳೆದ ಮಂಗಳವಾರದ ಮುದ್ರೆ. ಒಂದರ ಅಂಚು ಹರಿದಿತ್ತು, ಇನ್ನೊಂದು ಹಾಗೇ ಇತ್ತು. ಒಬ್ಬ ಮನುಷ್ಯನಿಗೆ ಎರಡು ಟಿಕೆಟ್ಟು ಯಾಕೆ? ಯೋಚಿಸಲು ಹೊತ್ತಿರಲಿಲ್ಲ. ಕೈಚೀಲಕ್ಕೆ ಹಾಕಿಕೊಂಡು ಕೋಟನ್ನು ಮಗಳಿಗೆ ಕೊಟ್ಟಳು.

ನಡುಮನೆಯಲ್ಲಿ ಜನ ಗೋಡೆಗೊರಗಿ ನಿಂತಿದ್ದರು. "ನೋಡಿ, ಇವತ್ತೂ ಮಂಗಳವಾರವೇ," ಎಂದ ಪಕ್ಕದ ಇಸ್ತ್ರಿ ಅಂಗಡಿಯವನು. "ನಮ್ಮ ಪ್ರವಾಸಿ ಹೊರಡೋ ದಿನ ತಪ್ಪಿಸ್ಲಿಲ್ಲ." ಒಬ್ಬಿಬ್ಬರು ನಕ್ಕು, ಆಮೇಲೆ ಟೈಲರಮ್ಮನ ಮುಖ ನೋಡಿ ತಲೆ ತಗ್ಗಿಸಿದರು.

ಮಂಗಳವಾರ ವಾಚಿನಂಗಡಿಗೆ ರಜ. ಆ ದಿನ ಅವನು ಕೋಟು ತೊಟ್ಟು, ಒಂದು ಬಾಟಲಿ ನೀರು ಹಿಡಿದು ಊರು ನೋಡಲು ಹೊರಡುತ್ತಿದ್ದ. ಪರ ಊರಲ್ಲ, ಹುಟ್ಟಿ ಬೆಳೆದ ಊರೇ. ಒಂದು ವಾರ ಮ್ಯೂಸಿಯಂ, ಒಂದು ವಾರ ಹಳೇ ಕೋಟೆ, ಇನ್ನೊಂದು ವಾರ ಕೋಟೆ ಹಿಂದಿನ ಉದ್ಯಾನ. ಅದಕ್ಕೇ ಬೀದಿಯವರ ಬಾಯಲ್ಲಿ ಅವನು ಮಂಗಳವಾರದ ಪ್ರವಾಸಿ. ಆ ಹೆಸರು ಮೊದಲು ಇಟ್ಟವಳು ಟೈಲರಮ್ಮನೇ. ಬಟ್ಟೆ ಕೊಡಲು ಬಂದವರ ಮುಂದೆಲ್ಲ ಹೇಳಿ ನಗಿಸುತ್ತಿದ್ದಳು.

ಸಮವಸ್ತ್ರದಲ್ಲಿದ್ದ ಒಬ್ಬಾತ ಟೋಪಿಯನ್ನು ಕಂಕುಳಲ್ಲಿಟ್ಟುಕೊಂಡು ಒಳಗೆ ಬಂದ. ಸತ್ತವನ ಮುಖವನ್ನು ಬಹಳ ಹೊತ್ತು ನೋಡಿ, ಆಮೇಲೆ ಅವಳ ಹತ್ತಿರ ಬಂದು ನಿಂತ.

"ನಾನು ಮ್ಯೂಸಿಯಂ ಕಾವಲುಗಾರ ಅಮ್ಮಾ. ಮಂಡಿನೋವು ಈಗ ಹೇಗಿದೆ?"

"ಏನು?"

"ಹನ್ನೊಂದು ವರ್ಷ ಆಯ್ತು, ಒಂದು ಸಲಾನೂ ನಿಮ್ಮನ್ನ ನೋಡೋಕಾಗ್ಲಿಲ್ಲ. ಬಾಗಿಲಿಂದ ನೀವು ಕೂರೋ ಬೆಂಚು ಕಾಣಲ್ಲ, ಮರ ಅಡ್ಡ. ಯಜಮಾನ್ರು ಪ್ರತಿ ಸಲ ಎರಡು ಟಿಕೆಟ್ ತಗೊಳ್ಳೋರು. 'ಮನೆಯವಳೂ ಬಂದಿದಾಳೆ, ಮಂಡಿನೋವು, ಮೆಟ್ಟಿಲು ಹತ್ತೋಕಾಗಲ್ಲ, ಮರದ ಕೆಳಗೆ ಕೂತಿದಾಳೆ' ಅನ್ನೋರು. ಹೊರಗೆ ಕೂರೋರಿಗೆ ಟಿಕೆಟ್ ಯಾಕೆ ಸಾರ್ ಅಂದ್ರೆ, 'ಇರ್ಲಿ ಕಣಯ್ಯಾ, ಯಾವಾಗ ಒಳಗೆ ಬರೋ ಮನಸ್ಸಾಗುತ್ತೋ' ಅಂತ ನಗೋರು." ಅವನು ಕಣ್ಣೊರೆಸಿಕೊಂಡ. "ಉದ್ಯಾನದ ಮಾಲಿ ಕೂಡ ಕೇಳ್ದ, ಪಾಪ ಆ ಮಂಡಿನೋವಿನ ಅಮ್ಮ ಹೇಗಿದಾರೋ ಅಂತ."

ಟೈಲರಮ್ಮ ಟಿಕೆಟ್ಟಿದ್ದ ಕೈಚೀಲದ ಬಾಯಿಯನ್ನು ಬಿಗಿಯಾಗಿ ಮುಚ್ಚಿದಳು. ನನಗೆ ಮಂಡಿನೋವಿಲ್ಲ, ನಾನು ಬರುತ್ತಲೇ ಇರಲಿಲ್ಲ ಎಂದು ಹೇಳಿಬಿಡಬೇಕಿತ್ತು. ಹೇಳಿದರೆ ಅಲ್ಲಿ ಮಲಗಿರುವವನು ಸುಳ್ಳುಗಾರನಾಗುತ್ತಾನೆ. ತಾನೇನಾಗುತ್ತೇನೆ ಎಂಬುದೂ ತಲೆಗೆ ಬಂದಿತು, ಸುಳ್ಳೇಕೆ, ಮೊದಲು ಬಂದದ್ದು ಅದೇ.

"ಈಗ ಸ್ವಲ್ಪ ವಾಸಿ," ಎಂದಳು.

*

"ನೀನೂ ಬಾರೇ ಒಂದ್ಸಲ. ಹತ್ತು ನಿಮಿಷದ ದಾರಿ," ಎಂದು ಗಂಡ ಮೊದಮೊದಲು ಪ್ರತಿ ವಾರ ಕರೆಯುತ್ತಿದ್ದ.

"ಒಡೆದ ಮಡಕೆ ನೋಡೋಕೆ ಟಿಕೆಟ್ ಬೇರೆ ಕೇಡು. ಬನ್ನಿ, ಅಡುಗೆಮನೇಲಿ ಪುಕ್ಕಟೆ ತೋರಿಸ್ತೀನಿ."

ಅವನೂ ನಗುತ್ತಿದ್ದ. ಸಂಜೆ ಬಂದು ಅವಳ ಹೊಲಿಗೆ ಮೆಷಿನ್ನಿನ ಪಕ್ಕ ಸ್ಟೂಲು ಎಳೆದುಕೊಂಡು ಕೂರುತ್ತಿದ್ದ. "ಇಪ್ಪತ್ತಾರು ಮೆಟ್ಟಿಲು ಹತ್ತಬೇಕು ನೋಡು, ಒಳಗೆ ಹೋದ ತಕ್ಷಣ ಎಡಗಡೆ ಒಂದು ಮಡಕೆ ಇದೆ. ಎರಡು ಸಾವಿರ ವರ್ಷದ್ದು. ಕುತ್ತಿಗೆ ಹತ್ರ ಮಾಡಿದವನ ಹೆಬ್ಬೆರಳು ಒತ್ತಿದ ಗುರುತು ಹಾಗೇ ಉಳಿದಿದೆ. ನಾನು ನನ್ನ ಹೆಬ್ಬೆರಳು ಗಾಜಿಗಿಟ್ಟು ನೋಡ್ದೆ..."

ಅವಳಿಗೆ ನಾಳೆಗೆ ಕೊಡಬೇಕಾದ ಬಟ್ಟೆಯ ರಾಶಿ. ಜೋರಾಗಿ ಮೆಷಿನ್ನು ತುಳಿದುಬಿಡುತ್ತಿದ್ದಳು. ಆ ಗಡಗಡ ಸದ್ದಿನಲ್ಲಿ ಅವನ ಮಾತು ಮುಳುಗಿಹೋಗುತ್ತಿತ್ತು. ಹೊಲಿಗೆಯ ಸಾಲು ಮುಗಿಯುವವರೆಗೂ ಅವನು ಕಾಯುತ್ತಿದ್ದ. ಮುಗಿದೊಡನೆ ಬಿಟ್ಟಲ್ಲಿಂದ ಎತ್ತಿಕೊಳ್ಳುತ್ತಿದ್ದ. ಆಗ ಅವಳು ಇನ್ನೊಂದು ಸಾಲು ಹಿಡಿಯುತ್ತಿದ್ದಳು. ಕೆಲವು ಸಲ ಮೆಷಿನ್ನಿನಲ್ಲಿ ಬಟ್ಟೆಯೇ ಇರುತ್ತಿರಲಿಲ್ಲ, ಬರಿದೇ ತುಳಿಯುತ್ತಿದ್ದಳು. ಅದು ಅವನಿಗೆ ಕಾಣುತ್ತಿರಲಿಲ್ಲ ಎಂದೇ ಇಷ್ಟು ವರ್ಷ ನಂಬಿಕೊಂಡಿದ್ದಳು. ಕೂದಲೆಳೆಯಷ್ಟು ಸಣ್ಣ ಸ್ಪ್ರಿಂಗನ್ನು ಬರಿಗಣ್ಣಲ್ಲಿ ಹುಡುಕುವವನಿಗೆ.

ಹನ್ನೊಂದು ವರ್ಷದ ಹಿಂದೆ ಅವನು ಕರೆಯುವುದನ್ನು ನಿಲ್ಲಿಸಿದ. ಸದ್ಯ, ಪೀಡೆ ತೊಲಗಿತು ಎಂದುಕೊಂಡಿದ್ದಳು.

*

ಗಾಡಿ ಗುಡ್ಡದ ಬುಡದಲ್ಲೇ ನಿಂತಿತು, ಅಲ್ಲಿಂದ ಸ್ಮಶಾನದ ದಾರಿ ಏರಿನದು. ಕಾವಲುಗಾರ ಅವಳ ಪಕ್ಕದಲ್ಲೇ ನಡೆಯುತ್ತಿದ್ದ. ನಾಲ್ಕು ಹೆಜ್ಜೆ ಸಲೀಸಾಗಿ ಹಾಕಿದ ಟೈಲರಮ್ಮ, ಅವನು ತನ್ನ ಕಾಲು ನೋಡುತ್ತಿರುವುದನ್ನು ಕಂಡು ಕುಂಟತೊಡಗಿದಳು.

"ಕಾಲಿಗೇನಾಯ್ತಮ್ಮಾ?" ಎಂದು ಮಗಳು ಗಾಬರಿಯಾದಳು.

"ಏನಿಲ್ಲ, ನಡಿ."

"ಹಿಡ್ಕೊಳ್ಳಿ ಅಮ್ಮಾ," ಎಂದು ಕಾವಲುಗಾರ ತೋಳು ಕೊಟ್ಟ. ಹಿಡಿದುಕೊಂಡಳು. ಮುಂದೆ ನಾಲ್ವರ ಹೆಗಲ ಮೇಲೆ ಗಂಡ ಹೋಗುತ್ತಿದ್ದಾನೆ, ಹಿಂದೆ ತಾನು ಇಲ್ಲದ ನೋವಿಗೆ ಕುಂಟುತ್ತಿದ್ದೇನೆ. ನಾಚಿಕೆಯಿಂದ ಅವಳಿಗೆ ಅಳುವೇ ಬರಲಿಲ್ಲ. ಮಣ್ಣು ಹಾಕುವಾಗಲೂ ಬರಲಿಲ್ಲ. ಕಲ್ಲೆದೆಯವಳು ಎಂದು ಯಾರೋ ಪಿಸುಗುಟ್ಟಿದ್ದು ಕೇಳಿಸಿತು. ಇರಬಹುದು ಎನಿಸಿತು.

ಕಾವಲುಗಾರ ಮ್ಯೂಸಿಯಂ ಬಾಗಿಲು ಹಾಕಲು ಹೊತ್ತಾಯಿತೆಂದು ಮೊದಲೇ ಹೊರಟುಹೋದ. ಉಳಿದವರು ಗಾಡಿ ಹತ್ತಿದರು. ಅಂಚೆ ಕಚೇರಿ ದಾಟಿ ತಿರುವಿಗೆ ಬಂದಾಗ ಟೈಲರಮ್ಮ, "ನಿಲ್ಲಿಸಪ್ಪಾ," ಎಂದಳು.

"ಇಲ್ಲೇನಿದೆ ಅಮ್ಮಾ? ಮನೇಲಿ ಜನ ಕಾಯ್ತಿದಾರೆ," ಎಂದಳು ಮಗಳು.

"ಟಿಕೆಟ್ ಇದೆ," ಎಂದು ಅವಳು ಇಳಿದೇಬಿಟ್ಟಳು.

ಮ್ಯೂಸಿಯಮ್ಮಿನ ಗೇಟಿನ ಒಳಗೆ ದೊಡ್ಡ ಮರ. ಅದರ ಕೆಳಗೆ ಕಲ್ಲಿನ ಬೆಂಚು. ಹನ್ನೊಂದು ವರ್ಷದಿಂದ ತಾನು ಕೂತಿದ್ದ ಜಾಗ. ಒಣಗಿದ ಎಲೆ, ಹಕ್ಕಿ ಹಿಕ್ಕೆ, ಬೆರಳು ದಪ್ಪ ಧೂಳು. ಯಾರೂ ಕೂತ ಗುರುತಿರಲಿಲ್ಲ. ಕೈಯಿಂದ ಗುಡಿಸಿ ಕೂತುಬಿಟ್ಟರೆ ಅವನು ಹೇಳಿದ್ದು ಇವತ್ತಾದರೂ ನಿಜವಾಗುತ್ತದೆ, ಕೇಳುವವರು ಯಾರೂ ಇಲ್ಲ. ಬೆಂಚಿನ ಅಂಚನ್ನು ಮುಟ್ಟಿದಳು. ಕೂರಲಿಲ್ಲ.

ಕಾವಲುಗಾರ ಬಾಗಿಲು ಮುಚ್ಚಲು ಹೊರಟಿದ್ದ. ಮೆಟ್ಟಿಲ ಬುಡದಲ್ಲಿ ಅವಳನ್ನು ಕಂಡು, "ಅಯ್ಯೋ ಅಮ್ಮಾ, ಅಲ್ಲೇ ಇರಿ! ಬಂದೆ, ಕೈ ಕೊಡ್ತೀನಿ," ಎಂದು ಕೂಗಿದ.

ಅವಳು ನಿಲ್ಲಲಿಲ್ಲ. ಜೀವಮಾನವಿಡೀ ಮೆಷಿನ್ನು ತುಳಿದ ಕಾಲುಗಳು. ಪಕ್ಕದ ಕಂಬಿ ಹಿಡಿಯಲಿಲ್ಲ, ನಡುವೆ ದಣಿವಾರಿಸಿಕೊಳ್ಳಲಿಲ್ಲ. ಇಪ್ಪತ್ತಾರು ಮೆಟ್ಟಿಲನ್ನೂ ಅವನ ಕಣ್ಣೆದುರಿಗೇ ಹತ್ತಿ ಬಂದಳು. ಉಸಿರು ಕೂಡ ಏರಿರಲಿಲ್ಲ. ಕೈಚೀಲದಿಂದ ಹರಿಯದ ಟಿಕೆಟ್ಟು ತೆಗೆದು ಚಾಚಿದಳು. ಆಗ ಕಣ್ಣು ತುಂಬಿ ಬಂತು.

ಕಾವಲುಗಾರ ಟಿಕೆಟ್ಟಿನ ಮೇಲಿನ ಕಳೆದ ವಾರದ ಮುದ್ರೆ ನೋಡಿದ. ಅವಳ ಮಂಡಿಗಳನ್ನು ನೋಡಿದ. ಕೆಳಗಿನ ಮರದ ಕಡೆ ಒಮ್ಮೆ ತಿರುಗಿದ. ಟಿಕೆಟ್ಟಿನ ಅಂಚು ಹರಿದು, ಉಳಿದ ತುಂಡನ್ನು ಅವಳ ಕೈಗಿಟ್ಟು, ಅರ್ಧ ಮುಚ್ಚಿದ್ದ ಬಾಗಿಲನ್ನು ಮತ್ತೆ ಪೂರ್ತಿ ತೆರೆದ.