ಮೂವತ್ತು ದಿನ ಸುಮ್ಮನಿದ್ದ ಟಿಕೆಟ್

ಹಳದಿ, ಮತ್ತೊಂದು ಹಳದಿ, ಮೂವತ್ತು ದಿನ ಯಾರೂ ಮುಟ್ಟದ ದೂರಿನ ಟಿಕೆಟ್ಟಿನ ಪಕ್ಕ ಒಂದು ಹಳದಿ ಚುಕ್ಕೆ, ಚುಕ್ಕೆ ಬಂತೆಂದರೆ ಮುಚ್ಚು, ಅದೇ ನಿಯಮ, ತೆರೆದಿರುವ ದೂರುಗಳ ಲೆಕ್ಕ ಹತ್ತು ಮುಟ್ಟಬಾರದು, ಹನ್ನೊಂದು ಗಂಟೆಗೆ ಮೀಟಿಂಗು, ಒಂಬತ್ತಿದ್ದರೆ ನಮ್ಮ ಡ್ರಿಪ್ ಅಲಾರಂ ಸಾಫ್ಟ್‌ವೇರಿನ ಹೊಸ ಆವೃತ್ತಿ ಇವತ್ತೇ ಆಸ್ಪತ್ರೆಯ ವಾರ್ಡುಗಳಿಗೆ ಹೋಗುತ್ತದೆ — ಒಂಬತ್ತಿದೆ, ಅಬ್ಬ, ಟಿಕೆಟ್ಟು ಗುಡಿಸೋದ್ರಲ್ಲಿ ನಿನ್ನ ಮೀರಿಸೋರಿಲ್ಲ ಕಣಮ್ಮ ಎಂದು ಮ್ಯಾನೇಜರು ಹೋದ ವಾರ ಎಲ್ಲರೆದುರು ಹೊಗಳಿದ್ದರು, ನಾನೂ ಹಲ್ಲು ಕಿರಿದಿದ್ದೆ, ಮುಚ್ಚಿದ್ದನ್ನೆಲ್ಲ ಒಂದು ಸಲ ನೋಡಿಬಿಡೋಣವೆಂದು ಪಟ್ಟಿಯಲ್ಲಿ ಇಳಿಯುತ್ತ ಬಂದವಳು ಇಲ್ಲಿ ನಿಂತುಬಿಟ್ಟಿದ್ದೇನೆ, ವಾರ್ಡಿನ ಹಿರಿಯ ನರ್ಸಮ್ಮನ ಟಿಕೆಟ್ಟು, ಮೊದಲ ವಾರದಲ್ಲೇ ಮೂರು ಸಲ ಬರೆದಿದ್ದಾರೆ, ಮೇಡಂ ಪರದೆ ಆರಿದ್ರೆ ಡ್ರಿಪ್ ಮುಗಿದಾಗ ಅಲಾರಂ ಕೂಗಲ್ಲ, ಮೇಡಂ ಸ್ವಲ್ಪ ನೋಡಿ, ಮೇಡಂ ಇದ್ದೀರಾ — ಇದ್ದೆನಲ್ಲ, ಕೇಳಿದ್ದೆನಲ್ಲ, ಯಾವ ಹಾಸಿಗೆ, ಎಷ್ಟು ಗಂಟೆಗೆ ಎಂದು, ಅವರೇ ಆಮೇಲೆ ತುಟಿಪಿಟಕ್ಕೆನ್ನಲಿಲ್ಲ, ಚುಕ್ಕೆ ಬಂತು, ಮುಚ್ಚಿದೆ. ನನ್ನ ಪ್ರಶ್ನೆಯ ಪಕ್ಕ ಇದೇನಿದು, ಪುಟಾಣಿ ಬೀಗದ ಗುರುತು, ಅಯ್ಯೋ ದೇವರೇ, ಬೀಗವೆಂದರೆ ನಮ್ಮ ತಂಡದವರಿಗಷ್ಟೇ ಕಾಣುವ ಮಾತು, ಆಸ್ಪತ್ರೆಯವರಿಗೆ ಕಾಣುವುದೇ ಇಲ್ಲ, ನನ್ನ ಪ್ರಶ್ನೆಯನ್ನು ಪೆಟ್ಟಿಗೆಯಲ್ಲಿಟ್ಟು ಉತ್ತರಕ್ಕೆ ಕಾದಿದ್ದೇನೆ, ಮೂವತ್ತು ದಿನ, ಮನಸಲ್ಲೇ ಕೇಳ್ತೀಯ, ಉತ್ತರ ಕೊಡ್ಲಿಲ್ಲ ಅಂತ ಮುಖ ಊದಿಸ್ಕೋತೀಯ ಎನ್ನುತ್ತಾರೆ ನಮ್ಮನೆಯವರು, ಮೊನ್ನೆ ಮಾತ್ರೆ ತಂದ್ರಾ ಎಂದು ಕೇಳಿದ್ದೇನೆಂದು ನಾನು ಆಣೆ ಹಾಕುತ್ತಿದ್ದರೆ ಅತ್ತೆ ನಡುವೆ ಬಾಯಿ ಹಾಕಿ, ನಂಗೂ ಕೇಳಿಸ್ಲಿಲ್ವಲ್ಲೇ, ಕಿವಿ ಹೋಯ್ತೋ ಏನೋ, ಅಂದರು, ಎಲ್ಲರೂ ನಕ್ಕೆವು, ಈಗ ನಗು ಬರುತ್ತಿಲ್ಲ.

ಮತ್ತೆ ತೆರೆದರೆ ಹತ್ತು, ಆವೃತ್ತಿ ನಿಲ್ಲುತ್ತದೆ, ಮುಚ್ಚಿದವರು ಯಾರೆಂದರೆ ನಾನು, ತಾರೀಕು ಸಮೇತ, ಹೊಗಳಿದ ಬಾಯಿಂದಲೇ ಉಗಿಸಿಕೊಳ್ಳಬೇಕು, ತೆರೆಯದಿದ್ದರೆ ಯಾರಿಗೆ ಗೊತ್ತಾಗುತ್ತದೆ, ಯಾರಿಗೂ ಇಲ್ಲ — ಅಲ್ಲೊಬ್ಬರು ಮಲಗಿದ್ದಾರೆ, ಡ್ರಿಪ್ ಮುಗಿದಿದೆ, ಪರದೆ ಆರಿದೆ, ಯಾರೂ ಬರುತ್ತಿಲ್ಲ, ಅವರಿಗೂ ಮನೆಯಲ್ಲಿ ಕಿವಿ ಹೋಯ್ತೋ ಏನೋ ಎನ್ನುವ ಅತ್ತೆ ಇರಬಹುದು, ಅವರೇ ಆ ಅತ್ತೆಯಿರಬಹುದು — ಒತ್ತಿದೆ, ಹತ್ತಾಯಿತು, ಆಗಲಿ, ಮ್ಯಾನೇಜರು ಬೈಯಲಿ, ಬೀಗ ತೆಗೆದು ಮತ್ತೆ ಕೇಳುತ್ತೇನೆ, ತಪ್ಪು ನನ್ನದು ಸಿಸ್ಟರ್, ಯಾವ ಹಾಸಿಗೆ, ಎಷ್ಟು ಗಂ — ತಡಿ, ಅವರ ಒಂದೊಂದು ಮೆಸೇಜಿನ ಕೆಳಗೂ ಫೋಟೋ ಹಾಕಿದ್ದಾರೆ, ಕಪ್ಪು ಪರದೆಯದು, ಕಪ್ಪು ಪರದೆಯಲ್ಲಿ ನೋಡುವುದೇನಿದೆ ಎಂದು ತೆರೆದೇ ಇರಲಿಲ್ಲ, ಪರದೆಯ ಪಕ್ಕ ಒಂದು ಕೈ, ಬೇಕೆಂದೇ ಕ್ಯಾಮೆರಾ ಕಡೆ ತಿರುಗಿಸಿ ಹಿಡಿದ ಕೈ, ಅಂಗೈಯಲ್ಲಿ ನೀಲಿ ಪೆನ್ನಿನ ಅಕ್ಷರ, ಹಾಸಿಗೆ ನಾಲ್ಕು, ಎರಡು ಗಂಟೆ ಹತ್ತು ನಿಮಿಷ, ಎರಡನೇ ಫೋಟೋ, ಅದೇ ಕೈ, ಹಾಸಿಗೆ ನಾಲ್ಕು, ಮೂರನೆಯದು, ಅದೇ ಕೈ, ಅಕ್ಷರ ಇನ್ನೂ ದಪ್ಪಗೆ, ತಿದ್ದಿ ತಿದ್ದಿ ಬರೆದದ್ದು, ನಾನು ಕೇಳುವ ಮೊದಲೇ ಮೂರು ಸಲ ಉತ್ತರ ಹೇಳಿದೆ ಆ ಕೈ.